ಉತ್ತರಕ್ಕೆ ಗುಡ್ಡ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸದಾ ನೇರಳೆ ಬಣ್ಣಕ್ಕಿರುತ್ತಿದ್ದವು. ಸೋಪು ಹಾಕಿ ತಿಕ್ಕಿದರೂ, ಹುಣಸೆಹಣ್ಣು ಹಚ್ಚಿ ತೊಳೆದರೂ ಹೋಗದ ಬಣ್ಣ. ಓದುಬರಹ ಬಾರದವರ ಹೆಬ್ಬೆಟ್ಟು ಹಿಡಿದು ಇಂಕಿನ ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಹೊರಳಿಸಿ ಹೊರಳಿಸಿ ವರ್ಷಾನುಗಟ್ಟಲೆ ಹತ್ತಿಸಿಕೊಂಡದ್ದು ಅದು. ಅದೇ ಕೈಯಲ್ಲಿ ರೊಟ್ಟಿ ಮುರಿದು ಊಟ ಮಾಡುತ್ತಿದ್ದರು. ಮೊದಮೊದಲು ನನಗೆ ಒಂಥರಾ ಅನ್ನಿಸುತ್ತಿತ್ತು, ಆಮೇಲೆ ರೂಢಿಯಾಯಿತು.

ಅವರು ಹೊಸಪೇಟೆ ಕೋರ್ಟಿನ ಅಮೀನರು. ಕೋರ್ಟು ಹೊರಡಿಸುವ ಸಮನ್ಸು, ನೋಟಿಸು, ತಡೆಯಾಜ್ಞೆಗಳನ್ನು ಊರೂರಿಗೆ ಒಯ್ದು ಸಂಬಂಧಪಟ್ಟವರ ಕೈಗೆ ಮುಟ್ಟಿಸುವುದು ಅವರ ಕೆಲಸ. ನಾನು ಅದೇ ಆವರಣದ ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂತವಳು. ವಕೀಲರ ದಾವೆ, ಅಫಿಡವಿಟ್ಟುಗಳನ್ನು ಟೈಪು ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಗಂಡನ ಮನೆ ಬಿಟ್ಟು ಬಂದು ಅವ್ವನ ಜೊತೆಗಿದ್ದವಳಿಗೆ ಆ ಮೆಷಿನ್ನೇ ಆಧಾರ. ನಾನು ಅವರನ್ನು ಎಲ್ಲರ ಹಾಗೆ ಅಮೀನ್ರೇ ಎನ್ನುತ್ತಿದ್ದೆ. ಅವರು ನನ್ನನ್ನು ಯವ್ವ ಎನ್ನುತ್ತಿದ್ದರು, ಸಿಟ್ಟು ಬಂದಾಗ ಮಾತ್ರ ಟೈಪಿಸ್ಟಮ್ಮ.

ಸಿಟ್ಟು ಬರುತ್ತಿದ್ದದ್ದು ಒಂದೇ ಕಾರಣಕ್ಕೆ, ಕಾಗದದಲ್ಲಿ ತಪ್ಪಿದ್ದರೆ. ಯಾವ ಕಾಗದವೇ ಇರಲಿ, ಚೀಲಕ್ಕೆ ಹಾಕುವ ಮುಂಚೆ ನನ್ನ ಬೆಂಚಿನ ಮೇಲೆ ಕೂತು, ಮೇಲಿನ ಕೋರ್ಟಿನ ಹೆಸರಿನಿಂದ ಕೆಳಗಿನ ಮೊಹರಿನವರೆಗೆ ಪೂರ್ತಿ ಓದುತ್ತಿದ್ದರು. ಯಾರದೋ ಅಪ್ಪನ ಹೆಸರಿನ ಒಂದಕ್ಷರ ಬಿಟ್ಟಿದ್ದರೂ ವಾಪಸ್. ವಕೀಲರು ಬೈದುಕೊಳ್ಳುತ್ತಿದ್ದರು, ಗುಮಾಸ್ತರು ಗೊಣಗುತ್ತಿದ್ದರು. ಇವರು ಜಪ್ಪಯ್ಯ ಅಂದರೂ ಬಗ್ಗುತ್ತಿರಲಿಲ್ಲ. ತಪ್ಪು ಕಾಗದ ಹಿಡಕೊಂಡು ಇನ್ನೊಬ್ಬರ ಬಾಗಿಲಿಗೆ ಹೋದರೆ ನಾವು ಕೋರ್ಟಿನವರಲ್ಲ, ಬರೀ ಹಾದಿಹೋಕರು ಎನ್ನುವುದು ಅವರ ಮಾತು. ತಿದ್ದುಪಡಿ ಮಾಡಿಸಿ, ಸಾಹೇಬರ ಸಹಿ ಹಾಕಿಸಿ ತರುವಷ್ಟರಲ್ಲಿ ಮೂರು ನಾಲ್ಕು ದಿನ ಹೋಗುತ್ತಿತ್ತು. ಹೋಗಲಿ ಬಿಡು ಎನ್ನುತ್ತಿದ್ದರು.

ಇನ್ನೊಂದು ಪದ್ಧತಿ ಅವರದೇ. ಬಾಗಿಲ ಮುಂದೆ ನಿಂತು ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿಯೇ ಸಹಿ ಕೇಳುತ್ತಿದ್ದರು. ಮನೆಯವರು ಕದ ಹಾಕಿಕೊಂಡರೆ ಕದಕ್ಕೇ ಓದುತ್ತಿದ್ದರು. ಓದಿ ಮುಗಿಸಿ, ಚೀಲದೊಳಗಿನ ಗಾಜಿನ ಬಾಟಲಿಯಿಂದ ಮೈದಾ ಅಂಟು ತೆಗೆದು ಪ್ರತಿಯನ್ನು ಬಾಗಿಲಿಗೆ ಹಚ್ಚಿ, ಊರಿನ ಇಬ್ಬರನ್ನು ಪಂಚರೆಂದು ಕರೆದು ಅವರ ಸಹಿ ತೆಗೆದುಕೊಂಡು, ಕಂಡದ್ದನ್ನು ಕಂಡ ಹಾಗೆ ಮೂಲ ಕಾಗದದ ಹಿಂದೆ ವರದಿ ಬರೆಯುವುದು. ಒಮ್ಮೆ ದರೋಜಿ ಹಾದಿಯಲ್ಲಿ ಕರಡಿ ಅಡ್ಡ ಬಂತಂತೆ. ಏನು ಮಾಡಿದ್ರಿ ಅಂದರೆ, ಸಮನ್ಸ್ ತೆಗೆದು ಓದಾಕ ಶುರು ಮಾಡಿದೆ, ಎರಡನೇ ಸಾಲಿಗೇ ಎದ್ದು ಹೋತು ಎಂದು ನಗಿಸಿದ್ದರು.

ಮಧ್ಯಾಹ್ನ ಅವರು ನಾಲ್ಕು ಡಬ್ಬಿಯ ಕ್ಯಾರಿಯರ್ ಬಿಚ್ಚುವುದೇ ತಡ, ಕಮಲಾಪುರದವರೋ ಕಡ್ಡಿರಾಂಪುರದವರೋ ಯಾರಾದರೂ ಕಕ್ಷಿದಾರರು ಬಂದು, ಮೇಲಿನ ಕೋರ್ಟು ಮೇಲಿನ ಕೋರ್ಟು ಅಂತಾರಲ್ಲ, ಎಷ್ಟು ಮೇಲ ಐತ್ರಿ ಅದು ಎಂದು ಕೇಳುವರು. ಅವರು ಡಬ್ಬಿಗಳನ್ನೇ ತೋರಿಸಿ ಹೇಳುತ್ತಿದ್ದರು. ಎಲ್ಲಕ್ಕೂ ಕೆಳಗಿನ ದೊಡ್ಡ ಡಬ್ಬಿ ನಮ್ಮ ತಾಲೂಕಿನ ಕೋರ್ಟು, ಅನ್ನ ಇರುವುದು ಅದರಲ್ಲಿ, ಭಾರವೂ ಅದಕ್ಕೇ. ಅದರ ಮೇಲಿನದು ಬಳ್ಳಾರಿಯ ಜಿಲ್ಲಾ ಕೋರ್ಟು. ಹೊಲಮನೆ ವ್ಯಾಜ್ಯ ಬಂದರೆ ಜಿಲ್ಲಾ ಜಡ್ಜು, ಕೊಲೆ ಕೇಸು ಬಂದರೆ ಅದೇ ಕುರ್ಚಿ ಸೆಷನ್ಸ್ ಜಡ್ಜು. ಮೂರನೆಯದು ಬೆಂಗಳೂರಿನ ಹೈಕೋರ್ಟು. ತುದಿಯಲ್ಲಿ ಉಪ್ಪಿನಕಾಯಿಯ ಚಿಕ್ಕ ಡಬ್ಬಿ, ಅದು ದಿಲ್ಲಿಯ ಸುಪ್ರೀಂ ಕೋರ್ಟು. ಕೆಳಗಿನ ಎರಡು ನಿನಗೂ ನಿನ್ನ ಅಣ್ಣತಮ್ಮಂದಿರಿಗೂ ನಡುವೆ ನ್ಯಾಯ ಹೇಳುತ್ತವೆ. ಮೇಲಿನ ಎರಡಕ್ಕೆ ಇನ್ನೊಂದು ಅಧಿಕಾರವಿದೆ, ಸರ್ಕಾರ ತಪ್ಪು ಮಾಡಿದರೆ ಸರ್ಕಾರವನ್ನೇ ಕರೆದು ನಿಲ್ಲಿಸಿ ಕೇಳುತ್ತವೆ, ಸಂವಿಧಾನಕ್ಕೆ ಒಗ್ಗದ ಕಾನೂನು ಮಾಡಿದರೆ ಅದನ್ನೇ ತೆಗೆದು ಹಾಕುತ್ತವೆ. ಸಂವಿಧಾನ ಇದರಾಗ ಯಾವುದ್ರಿ ಎಂದು ಕೇಳಿದರೆ ಕ್ಯಾರಿಯರಿನ ಹಿಡಿಕೆ ಎತ್ತಿ ತೋರಿಸುತ್ತಿದ್ದರು. ಅದು ಕಳಚಿದರೆ ನಾಲ್ಕೂ ಡಬ್ಬಿ ಮಣ್ಣುಪಾಲು.

ನೀವು ಇದರಾಗ ಎಲ್ಲಿ ಅದೀರಿ ಅಮೀನ್ರೇ ಎಂದು ನಾನು ಕೆಣಕುತ್ತಿದ್ದೆ.

"ನಾನಾ? ಕ್ಯಾರಿಯರ್ ಹೊತ್ತಾವ" ಎನ್ನುತ್ತಿದ್ದರು. "ಆದೇಶ ಮ್ಯಾಲಿಂದ ಇಳಿದು ಬರತೈತಿ, ವರದಿ ಕೆಳಗಿಂದ ಏರಿ ಹೋಗತೈತಿ ಯವ್ವ. ಎರಡೂ ನನ್ನ ಚೀಲದಾಗ."

ಅವು ಗಣಿಯ ವರ್ಷಗಳು. ಹೊರಗಿನವರಿಗೆ ಆಗ ನಮ್ಮ ಕಡೆ ದುಡ್ಡಿನ ಮಳೆ ಎಂದು ಕೇಳಿಸುತ್ತಿತ್ತು. ನಮಗೆ ಕೇಳಿಸುತ್ತಿದ್ದದ್ದು ಲಾರಿ. ಸಂಡೂರು ಗುಡ್ಡದಿಂದ ಇಳಿಯುವ ಅದಿರಿನ ಲಾರಿಗಳು ಸಾಲು ತಪ್ಪದೆ ಹೋಗುತ್ತಿದ್ದವು. ಒಣಹಾಕಿದ ಬಟ್ಟೆ, ಎಮ್ಮೆಯ ಮೈ, ಮಾಡಿಟ್ಟ ರೊಟ್ಟಿ ಎಲ್ಲದರ ಮೇಲೂ ಕೆಂಪು ಧೂಳು. ಯಾರಿಗಾದರೂ ಲಾರಿ ಬಡಿದರೆ ನೋಡಿದವರು ನೂರು ಮಂದಿ ಇರುತ್ತಿದ್ದರು, ನಂಬರ್ ಕಂಡವನು ಒಬ್ಬನೂ ಇರುತ್ತಿರಲಿಲ್ಲ. ಟೀ ಅಂಗಡಿಯಲ್ಲಿ ಗಣಿ ಎಂಬ ಮಾತು ಬಂದರೆ ಜನ ಮೊದಲು ತಿರುಗಿ ನೋಡಿ ಆಮೇಲೆ ಬಾಯಿ ತೆರೆಯುತ್ತಿದ್ದರು. ನಾನೂ ಅವರಲ್ಲೊಬ್ಬಳು. ಬಾಯಿ ಜೋರು ಎಂದು ಹೆಸರಾದವಳು ನಾನು, ಆದರೆ ಗಣಿಯವರ ಜೀಪು ಎದುರಾದರೆ ನನ್ನ ನಾಲಿಗೆ ಒಣಗುತ್ತಿತ್ತು.

ನಮ್ಮೂರು ಹೊಸಪೇಟೆ ತಾಲೂಕಿನದೇ, ಆದರೆ ಗುಡ್ಡದ ಬುಡದಲ್ಲಿದೆ. ಊರ ಹೊರಗೆ ನಮ್ಮ ಮನೆ, ಮನೆಗೆ ಹೊಂದಿಕೊಂಡ ಸಣ್ಣ ಹೊಲ, ಒಂದು ಬಾವಿ. ಅವ್ವ ಎರಡು ಎಮ್ಮೆ ಕಟ್ಟಿಕೊಂಡು ಹಾಲು ಮಾರುತ್ತಿದ್ದಳು. ಒಂದು ದಿನ ನಾನು ಸಂಜೆ ಬಸ್ಸಿಳಿದು ಬಂದಾಗ ನಮ್ಮ ಗೋಡೆಯ ಮೇಲೆ, ಬಾವಿಯ ಕಟ್ಟೆಯ ಮೇಲೆ ಸುಣ್ಣದ ಗೀಟು. ಗಣಿಯ ಲಾರಿಗಳಿಗೆ ಹತ್ತಿರದ ದಾರಿ ಬೇಕಂತೆ, ಅದು ನಮ್ಮ ಮನೆಯ ಮೇಲೆ ಹಾದು ಹೋಗುತ್ತದಂತೆ. ವಾರದೊಳಗೆ ಸಾಮಾನು ತೆಗೀರಿ ಎಂದು ಹೇಳಿ ಹೋಗಿದ್ದರು. ಅವ್ವ ಎಮ್ಮೆಯ ಕೆಚ್ಚಲು ತೊಳೆಯುತ್ತಾ ಇದನ್ನೆಲ್ಲ ಹೇಳಿದಳು.

ವಕೀಲರು ಕೂಡಲೇ ದಾವೆ ಹಾಕಿ ತಡೆಯಾಜ್ಞೆ ಕೇಳೋಣ ಎಂದರು. ಟೈಪು ಮಾಡಿದವಳು ನಾನೇ. ಊರವರ ಸಾವಿರ ದಾವೆ ಟೈಪು ಮಾಡಿದ ಬೆರಳು ನಮ್ಮ ಮನೆಯದು ಬರೆಯುವಾಗ ನನ್ನ ಮಾತು ಕೇಳಲಿಲ್ಲ. ಕೋರ್ಟು ದಾವೆ ನೋಡಿ, ಮುಂದಿನ ವಿಚಾರಣೆಯವರೆಗೆ ಆ ಜಾಗಕ್ಕೆ ಯಾರೂ ಕೈಹಚ್ಚಕೂಡದು ಎಂದು ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು. ಪ್ರತಿ ನನ್ನ ಕೈಗೆ ಬಂದಾಗ ಕಣ್ಣಿಗೆ ಒತ್ತಿಕೊಂಡು ಓದಿದೆ. ಆಗ ಕಂಡಿತು. ನಮ್ಮ ಸರ್ವೆ ನಂಬರ್ ನಲವತ್ತೊಂದು. ನಾನು ಟೈಪು ಮಾಡಿದ್ದು ಹದಿನಾಲ್ಕು. ದಾವೆಯಲ್ಲಿದ್ದ ತಪ್ಪೇ ಆದೇಶದಲ್ಲೂ ಇಳಿದಿತ್ತು.

ತಿದ್ದಿಸಲು ಮೂರು ನಾಲ್ಕು ದಿನ. ಗಣಿಯವರು ಕೊಟ್ಟ ವಾರ ಮುಗಿಯಲು ಒಂದೇ ದಿನ. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅಮೀನರು ಕಾಗದ ವಾಪಸ್ ಕಳಿಸುತ್ತಾರೆ ಎಂಬುದು ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ಆದೇಶ ಅವರ ಕೈಗೆ ಹೋಗುವುದನ್ನು ನೋಡುತ್ತ ಕೂತೆ. ಅವರು ಎಂದಿನಂತೆ ನನ್ನ ಬೆಂಚಿನ ಮೇಲೆ ಕೂತು ಓದಿದರು. ಬಹಳ ಹೊತ್ತು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ನಾನು ಮೆಷಿನ್ನಿಗೆ ಖಾಲಿ ಹಾಳೆ ಸಿಕ್ಕಿಸುತ್ತ, ತೆಗೆಯುತ್ತ ಇದ್ದೆ. ಕೊನೆಗೆ ಕಾಗದ ಮಡಚಿ ಚೀಲಕ್ಕೆ ಹಾಕಿ, ನಾಳೆ ಮುಂಜಾನೆ ಮೊದಲ ಬಸ್ಸಿಗೆ ಹೋಗೋಣ, ಜಾಗ ತೋರಿಸಾಕ ನೀನು ಇರಬೇಕು ಎಂದರು. ವಯಸ್ಸಾದ ಕಣ್ಣು, ಕಾಣಲಿಲ್ಲ ಎಂದುಕೊಂಡೆ. ದೇವರು ದೊಡ್ಡವನು ಎಂದೂ ಅಂದುಕೊಂಡೆ, ನಾಚಿಕೆಯಿಲ್ಲದೆ.

ಬೆಳಿಗ್ಗೆ ನಾವು ಬಸ್ಸಿಳಿದು ನಡೆದು ಹೋದಾಗ ಮನೆಯ ಮುಂದೆ ಜೆಸಿಬಿ ನಿಂತಿತ್ತು, ಎಂಜಿನ್ ಚಾಲೂ ಇತ್ತು. ಎರಡು ಜೀಪು. ಹತ್ತು ಹನ್ನೆರಡು ಗಂಡಸರು. ಅವ್ವ ಎಮ್ಮೆಗಳ ಹಗ್ಗ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಗಣಿಯ ಮ್ಯಾನೇಜರ್ ಬಿಳಿ ಅಂಗಿಯ ಮನುಷ್ಯ, ಕುರ್ಚಿ ತರಿಸಿದ, ಕೂಲ್ ಡ್ರಿಂಕ್ಸ್ ತರಿಸಿದ, ಕುಂದರ್ರಿ ಅಮೀನ್ರೇ ಎಂದ. ಆ ಮರ್ಯಾದೆ ಕಂಡೇ ನಾನು ಅವ್ವನ ಹತ್ತಿರ ಸರಿದು ನಿಂತೆ. ಅಮೀನರು ಕೂರಲಿಲ್ಲ. ನಮ್ಮ ಮನೆಯ ಕೊಡದಿಂದ ನೀರು ಕುಡಿದರು. ಮತ್ತೊಂದು ಲೋಟ ಕುಡಿದರು.

"ಮಕ್ಕಳೆಷ್ಟು ನಿಮಗ?" ಎಂದು ಮ್ಯಾನೇಜರ್ ನಗುನಗುತ್ತ ಕೇಳಿದ. "ಹೊಸಪೇಟಿಯಾಗೇ ಅದಾರೇನು?"

"ಇಬ್ಬರು ಹೆಣ್ಮಕ್ಕಳ್ರಿ. ಇಬ್ಬರೂ ಊರಾಗ ಅದಾರ" ಎಂದರು ಅಮೀನರು. "ಕಾಗದ ಓದತೀನ್ರಿ."

ಓದತೊಡಗಿದರು. ಕೋರ್ಟಿನ ಹೆಸರು, ದಾವೆಯ ನಂಬರು, ವಾದಿಯಾಗಿ ಅವ್ವನ ಹೆಸರು, ಪ್ರತಿವಾದಿಯಾಗಿ ಗಣಿಯ ಹೆಸರು. ಒಂದೊಂದು ಪದ ಬಿಡಿಸಿ, ಮೆಲ್ಲಗೆ, ಮಕ್ಕಳಿಗೆ ಬರೆಯಲು ಹೇಳಿಕೊಡುವ ಮೇಷ್ಟರ ಹಾಗೆ. ಎಂಜಿನ್ ಸದ್ದಿಗೆ ಏನೂ ಕೇಳಿಸುತ್ತಿರಲಿಲ್ಲ, ಆದರೂ ಓದುತ್ತಿದ್ದರು. ಸ್ವಲ್ಪ ಹೊತ್ತಿಗೆ ಜೆಸಿಬಿ ನಡೆಸುವವನು, ನಡುವಯಸ್ಸಿನವನು, ಏನನ್ನಿಸಿತೋ, ಎಂಜಿನ್ ಆರಿಸಿದ. ಎಲ್ಲ ನಿಶ್ಶಬ್ದವಾದ ಮೇಲೆ ನನಗೆ ಇನ್ನೂ ಹೆಚ್ಚು ಭಯವಾಯಿತು, ಏಕೆಂದರೆ ಮುಂದಿನ ಸಾಲಲ್ಲೇ ಆ ನಂಬರ್ ಇತ್ತು.

ಮ್ಯಾನೇಜರ್ ಕಾಗದ ಇಸಕೊಂಡು ನೋಡಿದ, ನಕ್ಕ. ಇದರಲ್ಲಿ ಹದಿನಾಲ್ಕು ಅಂತಿದೆ, ಇದು ನಲವತ್ತೊಂದು, ಹದಿನಾಲ್ಕು ಇರುವುದು ಹಳ್ಳದ ಆಚೆ, ಅಲ್ಲಿಗೆ ಹೋಗಿ ಓದಿಕೊಳ್ಳಿ ಎಂದ. ಜೊತೆಗಿದ್ದವರೂ ನಕ್ಕರು. ನಾನು ಅವ್ವನ ಮುಖ ನೋಡಲಾರದೆ ನೆಲ ನೋಡಿದೆ.

"ನಂಬರ್ ಒಂದ ಅಲ್ರಿ, ಚಕ್ಕುಬಂದಿನೂ ಬರದೈತಿ" ಎಂದರು ಅಮೀನರು. ಜಾಗದ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯುವುದಕ್ಕೆ ಚಕ್ಕುಬಂದಿ ಎನ್ನುತ್ತಾರೆ. "ನಂಬರ್ ಕಾಗದದ ಮ್ಯಾಲ ಇರತೈತಿ, ಚಕ್ಕುಬಂದಿ ನೆಲದ ಮ್ಯಾಲ ಇರತೈತಿ. ಎರಡಕ್ಕೂ ಜಗಳ ಬಂದ್ರ ಕೋರ್ಟು ಚಕ್ಕುಬಂದಿ ಮಾತು ಕೇಳತೈತಿ. ಬರ್ರಿ, ನಡದು ನೋಡೋಣ."

ಬರ್ರಿ ಎಂದವರು ತಾವೇ ಮುಂದೆ ನಡೆದರು. ಮ್ಯಾನೇಜರನೂ ನಡೆದ, ತಮಾಷೆ ನೋಡುವವನ ಹಾಗೆ. ಪೂರ್ವಕ್ಕೆ ಹಳ್ಳ ಎಂದು ಓದಿದರು, ಹಳ್ಳವಿತ್ತು, ನೀರು ಕೆಂಪಾಗಿತ್ತು, ಅಷ್ಟೇ. ದಕ್ಷಿಣಕ್ಕೆ ಹನುಮಪ್ಪನ ಕಟ್ಟೆ, ಕಟ್ಟೆಯಿತ್ತು. ಪಶ್ಚಿಮಕ್ಕೆ ಬಂಡಿ ದಾರಿ, ಅದರಲ್ಲಿ ಈಗ ಬಂಡಿಯ ಬದಲು ಲಾರಿ. ಉತ್ತರಕ್ಕೆ ಗುಡ್ಡ.

ಉತ್ತರಕ್ಕೆ ಹೋಗಿ ನಿಂತೆವು. ಗುಡ್ಡ ಇರಲಿಲ್ಲ. ನಾನು ಚಿಕ್ಕವಳಿದ್ದಾಗ ಸೀತಾಫಲ ಕೀಳಲು ಹತ್ತುತ್ತಿದ್ದ ಗುಡ್ಡ ಅದು. ಎರಡು ವರ್ಷದಿಂದ ದಿನಾ ಕರಗುವುದನ್ನು ಕಂಡೂ ಕಾಣದವಳಂತೆ ಇದ್ದೆ. ಅಲ್ಲೊಂದು ದೊಡ್ಡ ಗುಂಡಿಯಿತ್ತು, ತಳದಲ್ಲಿ ಓಡಾಡುವ ಲಾರಿಗಳು ಬೆಂಕಿಪೊಟ್ಟಣದಷ್ಟು ಕಾಣುತ್ತಿದ್ದವು. ಮ್ಯಾನೇಜರಿಗೆ ಇನ್ನೂ ಖುಷಿಯಾಯಿತು. ಗುಡ್ಡ ಎಲ್ಲೈತ್ರಿ ಅಮೀನ್ರೇ, ಇಲ್ಲಿ ಯಾವ ಗುಡ್ಡನೂ ಇಲ್ಲ, ನಿಮ್ಮ ಚಕ್ಕುಬಂದಿನೂ ಸುಳ್ಳು ಎಂದ.

ಅಮೀನರು ಗುಂಡಿಯನ್ನು ನೋಡುತ್ತ ನಿಂತರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದರು. "ಅದನ್ನ ಬರಕೊಳ್ಳತೀನ್ರಿ" ಎಂದು, ಗಟ್ಟಿಯಾಗಿ ಓದುತ್ತಲೇ ವರದಿ ಬರೆದರು. "ಮೂರು ದಿಕ್ಕಿನ ಚಕ್ಕುಬಂದಿ ತಾಳೆಯಾಗಿದೆ. ಉತ್ತರಕ್ಕೆ ಗುಡ್ಡವೆಂದಿದ್ದು, ಗುಡ್ಡ ಸ್ಥಳದಲ್ಲಿ ಕಂಡುಬರಲಿಲ್ಲ. ಅಲ್ಲಿ ಗಣಿಯ ಗುಂಡಿ ಇದೆ. ಗುಡ್ಡ ಇಲ್ಲವೆಂದು ಪ್ರತಿವಾದಿಯ ಮ್ಯಾನೇಜರ್ ತಾವೇ ಹೇಳಿದರು."

ಮ್ಯಾನೇಜರನ ನಗು ಎಲ್ಲಿ ಹೋಯಿತೋ ಹೋಯಿತು. ಗಣಿಗೆ ಸರ್ಕಾರ ಕೊಟ್ಟ ಗಡಿ ಎಲ್ಲಿಗೆ ಮುಗಿಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಆ ಗುಡ್ಡ ಗಡಿಯ ಈಚೆಗೆ, ಗಣಿಗೆ ಕೊಡದ ಜಾಗದಲ್ಲಿತ್ತು. ಸಹಿ ಮಾಡುವುದಿಲ್ಲ ಎಂದ. ಅಮೀನರು ಅದನ್ನೂ ಬರೆದುಕೊಂಡರು. ಮನೆಗೆ ಬಂದು, ಪ್ರತಿಯನ್ನು ಜೆಸಿಬಿಯ ಬಾಗಿಲಿಗೇ ಅಂಟು ಹಚ್ಚಿ ಅಂಟಿಸಿದರು. ಪಂಚರು ಬೇಕು, ಇಬ್ಬರು ಬರ್ರಿ ಎಂದು ಕೂಗಿದರು.

ಊರಿನ ಅರ್ಧ ಜನ ಅಲ್ಲಿ ಸೇರಿದ್ದರು. ಎಲ್ಲರ ಮನೆಯಲ್ಲೂ ಒಬ್ಬನಾದರೂ ಗಣಿಯಲ್ಲಿ ದುಡಿಯುವವನು. ನಮ್ಮವ್ವನ ಹಾಲು ಕುಡಿದು ಬೆಳೆದವರೇ ತಲೆ ತಗ್ಗಿಸಿಕೊಂಡು ಹಿಂದೆ ಸರಿದರು. ನನಗೆ ಸಿಟ್ಟು ಬರಲಿಲ್ಲ, ನಾನಾದರೂ ಅದನ್ನೇ ಮಾಡುತ್ತಿದ್ದೆ. ಕೊನೆಗೆ ಹುಲ್ಲಿನ ಹೊರೆ ಹೊತ್ತು ಬಂದ ಪಕ್ಕದ ಹೊಲದ ಮುದುಕಿ, ಹೊರೆ ಇಳಿಸಿ, ಎಲ್ಲಿ ಒತ್ತಬೇಕು ತೋರಿಸಪ್ಪ ಎಂದು ಹೆಬ್ಬೆಟ್ಟು ಚಾಚಿದಳು. ಇನ್ನೊಬ್ಬರು? ಯಾರೂ ಇಲ್ಲ. ಬಹಳ ಹೊತ್ತಾದ ಮೇಲೆ ಜೆಸಿಬಿಯವನು ಕೆಳಗಿಳಿದ.

"ನಾನು ಕಂಪ್ಲಿಯಾವ. ನನ್ನ ಹೊಲಕ್ಕೂ ಚಕ್ಕುಬಂದಿ ಐತಿ" ಎಂದು ಸಹಿ ಹಾಕಿ, ಗಾಡಿಯ ಬೀಗದ ಕೈಯನ್ನು ಮ್ಯಾನೇಜರನ ಕೈಗೆ ಕೊಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಸ್ಸಿನ ದಾರಿ ಹಿಡಿದ. ಅವನನ್ನು ನಾನು ಮತ್ತೆ ನೋಡಲಿಲ್ಲ.

ಹೊರಡುವಾಗ ಮ್ಯಾನೇಜರ್, ವಾಪಸ್ ಹೋಗೋ ದಾರಿ ಉದ್ದ ಐತಿ ಅಮೀನ್ರೇ, ಲಾರಿ ಭಾಳ ಓಡಾಡತಾವ, ನೋಡಿಕೊಂಡು ಹೋಗ್ರಿ ಎಂದ. ಜೀಪುಗಳು ಹೋದ ಮೇಲೆ ಅಮೀನರು ನಮ್ಮ ಹಿತ್ತಲಿಗೆ ಹೋಗಿ ಕುಡಿದ ನೀರೆಲ್ಲ ವಾಂತಿ ಮಾಡಿದರು. ಅವ್ವ ಬೆನ್ನು ನೀವಿದಳು. ಅಷ್ಟು ಧೈರ್ಯವಾಗಿ ಓದಿದ್ರಲ್ಲ ಎಂದೆ ನಾನು.

"ಧೈರ್ಯ ಎಲ್ಲೀದು ಯವ್ವ. ಜಲ್ದಿ ಓದಿದ್ರ ದನಿ ನಡಗತೈತಿ, ಅದಕ್ಕ ಮೆಲ್ಲಕ ಓದತೀನಿ" ಎಂದರು.

ಮನೆ ಉಳಿಯಿತು. ಆದರೆ ಅಲ್ಲಿಗೆ ಮುಗಿಯಲಿಲ್ಲ, ತಿಂಗಳುಗಟ್ಟಲೆ ನಡೆಯಿತು. ಅಮೀನರ ಮನೆಯ ಓಣಿಯ ತುದಿಯಲ್ಲಿ ದಿನಾ ಬೆಳಿಗ್ಗೆ ಒಂದು ಜೀಪು ನಿಂತಿರುತ್ತಿತ್ತು. ಯಾರೂ ಇಳಿಯುತ್ತಿರಲಿಲ್ಲ, ಯಾರೂ ಮಾತಾಡುತ್ತಿರಲಿಲ್ಲ, ಅವರು ಕೋರ್ಟಿಗೆ ಹೊರಟ ಮೇಲೆ ಹೊರಟುಹೋಗುತ್ತಿತ್ತು. ಲಾರಿಗಳಿಗೆ ಅಂಜಿ ಅವರು ತಮ್ಮ ಹಳೇ ಮೊಪೆಡ್ ಮಾರಿ ಎಲ್ಲ ಕಡೆಗೂ ಬಸ್ಸಿನಲ್ಲೇ ಓಡಾಡತೊಡಗಿದರು. ಅವರ ಹೆಂಡತಿ ಒಮ್ಮೆ ನನ್ನ ಬೆಂಚಿನ ಹತ್ತಿರ ಬಂದು, ಸಂಜೆ ಅವರು ಬಸ್ಸು ಹತ್ತೂತನ ನೋಡಿಕೊಳ್ಳವ್ವ ಎಂದು ಹೇಳಿ ಹೋದರು. ಬೈದಿದ್ದರೆ ವಾಸಿಯಿತ್ತು. ತಪ್ಪು ನಂಬರಿನ ಕಾಗದ ಕೊಟ್ಟು ಅವರನ್ನು ಆ ಜನರ ಬಾಯಿಗೆ ಕಳಿಸಿದವಳು ನಾನು ಎಂದು ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ.

ನಮ್ಮ ವಕೀಲರು ಆ ವರದಿಯ ನಕಲು ಹಿಡಿದು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿಸಿದರು. ಗಡಿ ಮೀರಿ ಗಣಿ ನಡೆಯುತ್ತಿದ್ದರೂ ಸರ್ಕಾರ ಕಣ್ಣುಮುಚ್ಚಿ ಕೂತಿದೆ ಎಂದು. ಅಷ್ಟರಲ್ಲಿ ಹೈಕೋರ್ಟಿನ ಪೀಠ ಧಾರವಾಡಕ್ಕೂ ಬಂದಿತ್ತು. ಮೂರನೇ ಡಬ್ಬಿ ಹತ್ತಿರ ಬಂತು ಬಿಡು ಎಂದಿದ್ದರು ಅಮೀನರು. ಆ ಹೊತ್ತಿಗೆ ನಿವೃತ್ತರಾಗಿದ್ದರು, ಉಸಿರು ಕಟ್ಟುತ್ತಿತ್ತು, ನಾಲ್ಕು ಮಾತಾಡಿದರೆ ಕೆಮ್ಮು ಬರುತ್ತಿತ್ತು. ಗಡಿಯ ಸರ್ವೆ ಮಾಡಿಸಬೇಕು, ಅಲ್ಲಿಯವರೆಗೆ ಆ ಗಣಿಯಲ್ಲಿ ಗುದ್ದಲಿ ಹಾಕಕೂಡದು ಎಂದು ಹೈಕೋರ್ಟು ಆದೇಶ ಕೊಟ್ಟಾಗ, ಪ್ರತಿ ಹಿಡಿದು ಅವರ ಮನೆಗೆ ಓಡಿದೆ. ಗೆದ್ದದ್ದನ್ನು ಮೊದಲು ಹೇಳಹೋದರೆ ಕೈ ಅಡ್ಡ ಮಾಡಿದರು. ಪೂರ್ತಿ ಓದು, ಮೊದಲಿನಿಂದ ಎಂದರು.

ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ ಮಾಡಿ, ಕೋರ್ಟಿನ ಹೆಸರಿನಿಂದ ಓದಿದೆ. ನಡುವೆ ಒಂದು ಕಡೆ, ಕೆಳ ನ್ಯಾಯಾಲಯದ ಅಮೀನರ ವರದಿಯಂತೆ ಸ್ಥಳದಲ್ಲಿ ಗುಡ್ಡ ಕಂಡುಬರಲಿಲ್ಲ ಎಂದು ಬಂತು. ಅವರು ಕಣ್ಣು ಮುಚ್ಚಿಕೊಂಡಿದ್ದರು. ಹೆಸರು ಹಾಕಿಲ್ಲ, ಬರೀ ಅಮೀನರು ಅಂತ ಐತಿ ಎಂದೆ, ನನಗೇ ಬೇಜಾರಾಗಿ. ಅಷ್ಟ ಸಾಕು, ವರದಿ ಬರದಾವ ಅಮೀನ, ನಾನಲ್ಲ ಎಂದರು.

ಆಗ ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ನುಂಗಿಕೊಂಡದ್ದನ್ನು ಹೇಳಿದೆ. ಆ ನಂಬರ್ ತಪ್ಪೆಂದು ನನಗೆ ಹಿಂದಿನ ದಿನವೇ ಗೊತ್ತಿತ್ತು, ಗೊತ್ತಿದ್ದೂ ನಿಮ್ಮನ್ನ ಕರಕೊಂಡು ಹೋದೆ ಎಂದು ಅತ್ತೆ. ಅವರು ಆ ನೇರಳೆ ಬೆರಳಿನಿಂದ ನನ್ನ ಕೈ ಮುಟ್ಟಿದರು.

"ನನಗೂ ಗೊತ್ತಿತ್ತವ್ವ, ಆ ಹದಿನಾಲ್ಕಕ್ಕ ಹಿಂದ ನಾನ ನೋಟಿಸ್ ಒಯ್ದಿದ್ದೆ" ಎಂದರು. ಉಸಿರು ಎಳೆದುಕೊಂಡು ಮತ್ತೆ ಹೇಳಿದರು. "ನೀನು ಅಂಜಿ ಹೇಳಲಿಲ್ಲ. ನಾನು ಅಂಜಿ ಕೇಳಲಿಲ್ಲ. ಕೇಳಿದ್ರ ನೀನು ಹೌದು ಅಂತಿದ್ದಿ, ಹೌದಂದ್ರ ನಾನು ವಾಪಸ್ ಕೊಡಬೇಕಾಗತಿತ್ತು. ಆಮ್ಯಾಲ ನಿಮ್ಮವ್ವನ ಮನಿ ಎಲ್ಲಿ?"

ಕನ್ನಡಕ ಒರೆಸಿಕೊಂಡದ್ದು ಯಾಕೆಂದು ಆಗ ತಿಳಿಯಿತು. ಮೂವತ್ತು ವರ್ಷದಲ್ಲಿ ಒಂದೇ ಒಂದು ತಪ್ಪು ಕಾಗದ ಚೀಲಕ್ಕೆ ಹಾಕಿಕೊಂಡಿದ್ದರು ಅವರು, ಗೊತ್ತಿದ್ದೇ, ನೌಕರಿಯನ್ನೂ ಜೀವವನ್ನೂ ಅದರ ಜೊತೆಗಿಟ್ಟುಕೊಂಡು. ಆ ಮಳೆಗಾಲ ಕಳೆಯುವುದರೊಳಗೆ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಯಾರೋ ಮೈ ತೊಳೆದು ಮಡಿ ಮಾಡಿದ್ದರು, ಆ ಎರಡು ಬೆರಳು ಮಾತ್ರ ಹಾಗೇ ಇದ್ದವು.

ಮುಂದೆ ದಿಲ್ಲಿಯ ಚಿಕ್ಕ ಡಬ್ಬಿಯಿಂದಲೂ ಆದೇಶ ಬಂದು ಜಿಲ್ಲೆಯ ಗಣಿಗಳೆಲ್ಲ ನಿಂತವು. ಲಾರಿ ಸದ್ದಿಲ್ಲದೆ ಅವ್ವನಿಗೆ ಎಷ್ಟೋ ದಿನ ನಿದ್ದೆ ಬರಲಿಲ್ಲ. ನಾನು ಈಗಲೂ ಅದೇ ಮರದ ಕೆಳಗಿದ್ದೇನೆ, ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಿದೆ. ಪ್ರಿಂಟ್ ತೆಗೆದ ಮೇಲೆ ಪ್ರತಿ ಕಾಗದವನ್ನೂ ಕೋರ್ಟಿನ ಹೆಸರಿನಿಂದ ಬಾಯಿಬಿಟ್ಟು ಓದುತ್ತೇನೆ, ಮೆಲ್ಲಗೆ. ಕಾದು ನಿಂತವರು ಜಲ್ದಿ ಮಾಡಮ್ಮ ಎಂದು ಬೈಯುತ್ತಾರೆ. ನಮ್ಮ ಹೊಲದ ಪತ್ರ ಹೊಸದು ಮಾಡಿಸುವಾಗ, ಉತ್ತರಕ್ಕೆ ಈಗ ಗುಂಡಿ ಐತಲ್ಲ, ತಿದ್ದಿ ಹಾಕಲೇನು ಎಂದು ವಕೀಲರು ಕೇಳಿದರು. ಬ್ಯಾಡ್ರಿ, ಗುಡ್ಡ ಅಂತನ ಇರಲಿ ಎಂದೆ.